ಲಿಂಗಸುಗೂರಿನಲ್ಲಿ ಕೊಟ್ಟ ಮೂತ್ರದ ಮಾದರಿ

ಲಿಂಗಸುಗೂರಿನ ಮೈದಾನಕ್ಕೆ ಅಂದು ನಾನು ಹೋದದ್ದು ವರದಿಗಾರ್ತಿಯಾಗಿ. ರಾಜ್ಯ ಮಟ್ಟದ ಕ್ರೀಡಾಕೂಟವೊಂದು ತಾಲ್ಲೂಕು ಊರಿಗೆ ಬರುವುದು ಅಪರೂಪ. ಸಿಂಧನೂರಿನಲ್ಲಿ ಕುಳಿತು ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವವಳು ನಾನೇ ಆದ್ದರಿಂದ ಅದು ನನ್ನ ಪಾಲಿಗೆ ಬಂತು. ಹದಿನೈದು ನೂರು ಮೀಟರ್ ಓಟದಲ್ಲಿ ನನ್ನ ಅಕ್ಕನ ಮಗಳು ಇದ್ದಳು. ಇದನ್ನು ಡೆಸ್ಕಿಗೆ ಮೊದಲೇ ಹೇಳಿದ್ದೆ. ಅವಳ ಬಗ್ಗೆ ಸ್ಥಾನ ಮತ್ತು ಸಮಯ ಮಾತ್ರ ಬರೆಯಿರಿ, ವಿಶೇಷಣ ಬೇಡ ಎಂದಿದ್ದರು. ನ್ಯಾಯವಾದ ಮಾತು.

ಅವಳು ಮೊದಲಿಗಳಾಗಿ ಬಂದಳು. ನಾನು ಸಮಯ ಬರೆದುಕೊಂಡು ತಡಿಕೆಯ ಈಚೆಗೇ ನಿಂತೆ. ಹತ್ತಿರ ಹೋಗಿ ಬೆನ್ನು ತಟ್ಟಲಿಲ್ಲ. ಅವಳು ಮೊಣಕಾಲಿಗೆ ಕೈ ಕೊಟ್ಟು ಬಗ್ಗಿ ಉಸಿರು ತೆಗೆದುಕೊಳ್ಳುತ್ತಿದ್ದಾಗ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಯುವತಿ ಹೋಗಿ ಪಕ್ಕದಲ್ಲಿ ನಿಂತಳು. ಏನೋ ಹೇಳಿದಳು, ಒಂದು ಸಹಿ ಹಾಕಿಸಿಕೊಂಡಳು, ಆಮೇಲೆ ಅಲ್ಲಿಂದ ಕದಲಲಿಲ್ಲ. ಹುಡುಗಿ ಟವೆಲ್ ತರಲು ಹೋದರೆ ಅವಳೂ ಹೋದಳು. ಹುಡುಗಿ ಪದಕ ಹಾಕಿಸಿಕೊಳ್ಳುವಾಗಲೂ ಅವಳು ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು.

ಕಾಲೇಜಿನ ದೈಹಿಕ ಶಿಕ್ಷಕರು, ಹುಡುಗಿಯನ್ನು ಓಟಕ್ಕೆ ಹಚ್ಚಿದವರು, ಬಿಸಿಲಲ್ಲಿ ನನ್ನ ಕಡೆಗೆ ದಾಪುಗಾಲು ಹಾಕುತ್ತ ಬಂದರು.

"ಮೇಡಂ, ಡೋಪಿಂಗ್ ಟೆಸ್ಟಿನವರು ಬಂದಾರ. ನಮ್ಮ ಕಡೆ ಇದಽ ಮೊದಲ ಸಲ. ಗೆದ್ದೋರದು ಮೂತ್ರ ತಗೋತಾರಂತ. ಜೋಡಿ ಒಬ್ಬರು ಮನಿಯವರು ಕೂಡಬಹುದಂತ. ನೀವು ಪೇಪರ್‌ನವರಾಗಿ ಬರಬ್ಯಾಡ್ರಿ, ಚಿಗವ್ವ ಆಗಿ ಬರ್ರಿ."

"ಕೊಡಲಿಲ್ಲಂದ್ರ?"

"ಕೊಡದಽ ಹೋದ್ರ ಮದ್ದು ತಗೊಂಡಂಗಽ ಲೆಕ್ಕ. ವರ್ಷಗಟ್ಲೆ ಓಡಂಗಿಲ್ಲ. ರಾಜ್ಯ ತಂಡದ ಕ್ಯಾಂಪಿಗಿ ಹೆಸರು ಕಳಸಬೇಕಂತ ಕುಂತೀನಿ ನಾ. ಎಲ್ಲಾ ಮುಗೀತದ."

ಪೆನ್ನು ಮುಚ್ಚಿ ಚೀಲಕ್ಕೆ ಹಾಕಿ ಅವರ ಹಿಂದೆ ಹೋದೆ.

ಮೈದಾನಕ್ಕೆ ಹೊಂದಿಕೊಂಡ ಕಾಲೇಜಿನ ಒಂದು ಕೋಣೆಯನ್ನು ಪರೀಕ್ಷೆಗೆ ಕೊಟ್ಟಿದ್ದರು. ಮೇಜಿನ ಮೇಲೆ ಸೀಲು ಮಾಡಿದ ಪೆಟ್ಟಿಗೆಗಳು, ಬಿಡಿಸದ ನೀರಿನ ಬಾಟಲಿಗಳು. ಅಧಿಕಾರಿ ನಡುವಯಸ್ಸಿನ ಹೆಂಗಸು, ಬೆಂಗಳೂರು ಕಡೆಯ ಮಾತು. ಮೂತ್ರ ಎಂಬ ಶಬ್ದವನ್ನು ಆಕೆ ಹಾಲು, ಸಕ್ಕರೆ ಎನ್ನುವಷ್ಟು ಸಲೀಸಾಗಿ ಹೇಳುತ್ತಿದ್ದರು. ನನ್ನ ಅಕ್ಕನ ಮಗಳು ಪ್ರತಿ ಸಲವೂ ನೆಲ ನೋಡುತ್ತಿದ್ದಳು. ಒಮ್ಮೆ ನಾನೂ ನೆಲ ನೋಡುತ್ತಿರುವುದು ನನ್ನ ಗಮನಕ್ಕೆ ಬಂತು.

"ನಾನೂ ಹೆಣ್ಣುಮಗಳೇ, ಜೊತೆಗೆ ಒಳಗೆ ಬರ್ತೀನಿ. ಮಾದರಿ ಕೊಡೋದನ್ನ ನಾನು ನೋಡಬೇಕಾಗುತ್ತೆ, ಅದು ನಿಯಮ. ನಾಚಿಕೋಬೇಡಮ್ಮ. ನನಗೆ ಇದು ದಿನಾ ಮಾಡೋ ಕೆಲಸ," ಎಂದರು ಅವರು.

ಹುಡುಗಿ ತಲೆಯಾಡಿಸಿದಳು. ಆದರೆ ಮೊದಲು ಒಂದು ಪಾಯಖಾನೆ ಬೇಕಿತ್ತು. ಇಬ್ಬರು ನಿಲ್ಲುವಷ್ಟು ಜಾಗ ಇರಬೇಕು, ಬೆಳಕಿರಬೇಕು, ಬಾಗಿಲಿರಬೇಕು ಎಂದರು ಅಧಿಕಾರಿ. ಸಂಘಟಕರು ಹುಡುಗಿಯರ ಶೌಚಾಲಯದ ಬೀಗದ ಕೈ ಹುಡುಕಿದರು. ಸಿಕ್ಕಿತು. ಬಾಗಿಲು ತೆಗೆದರೆ ಒಳಗೆ ಮುರಿದ ಬೆಂಚುಗಳನ್ನು ಮಾಡಿನ ತನಕ ಪೇರಿಸಿಟ್ಟಿದ್ದರು. ಬೆಳಿಗ್ಗೆಯಿಂದ ಆ ಮೈದಾನದಲ್ಲಿ ಎಷ್ಟೋ ಜಿಲ್ಲೆಗಳ ಹುಡುಗಿಯರು ಓಡಿದ್ದರು, ಎಸೆದಿದ್ದರು, ಜಿಗಿದಿದ್ದರು. ಯಾರೂ ಆ ಬೀಗದ ಬಗ್ಗೆ ಕೇಳಿರಲಿಲ್ಲ. ಕೊನೆಗೆ ಪ್ರಾಂಶುಪಾಲರ ಕೋಣೆಗೆ ಅಂಟಿಕೊಂಡಿದ್ದ ಶೌಚಾಲಯ ತೋರಿಸಿದರು. ಅಧಿಕಾರಿ ಏನೂ ಅನ್ನಲಿಲ್ಲ. ಹೊರಗಿನವರೊಬ್ಬರು ಏನೂ ಅನ್ನದೆ ಇದ್ದಾಗ ಊರಿನವರಿಗೆ ಆಗುವ ಇರುಸುಮುರುಸು ಎಂಥದೆಂದು ನನಗೆ ಅಲ್ಲಿ ತಿಳಿಯಿತು.

ಶೌಚಾಲಯ ಸಿಕ್ಕಿತು. ಆದರೆ ಹುಡುಗಿ ಒಳಗೆ ಹೋಗಿ ಬರಿಗೈಯಲ್ಲಿ ಹೊರಗೆ ಬಂದಳು.

"ಒಂದಕ್ಕ ಬರವಲ್ದು ಚಿಗವ್ವ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿದ್ದೀಯಮ್ಮ?" ಅಧಿಕಾರಿ ಕೇಳಿದರು.

ಅವಳು ನನ್ನನ್ನು ನೋಡಿದಳು. ಉತ್ತರ ನನಗೆ ಗೊತ್ತಿತ್ತು. ಅವಳ ಬಾಟಲಿ ಚೀಲದಲ್ಲಿತ್ತು. ಮಸ್ಕಿಯ ಮನೆಯಲ್ಲಿ ತುಂಬಿದ ನೀರು ಹಾಗೇ ಇತ್ತು.

ನಮ್ಮ ಕಡೆ ಹೆಂಗಸರು ಹೊರಗೆ ಹೋಗುವ ದಿನ ನೀರು ಕುಡಿಯುವುದಿಲ್ಲ. ಇದನ್ನು ಯಾರೂ ಕೂಡಿಸಿಕೊಂಡು ಕಲಿಸುವುದಿಲ್ಲ. ಬಸ್ಸಿಗೆ ಹೊರಟಾಗ ಚೊಂಬು ಎತ್ತಿದರೆ ತಾಯಿ ಒಂದು ನೋಟ ನೋಡುತ್ತಾಳೆ, ಅಷ್ಟೇ. ಬಳಗಾನೂರಿನ ಗದ್ದೆಗೆ ನಾಟಿಗೆ ಹೋಗುವವರು, ಸಿಂಧನೂರಿನ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರು, ಪರೀಕ್ಷೆ ಬರೆಯುವ ಹುಡುಗಿಯರು, ಎಲ್ಲರೂ ಹೀಗೆಯೇ. ಬಾಯಿ ಒಣಗಿದರೆ ಒಂದು ಗುಟುಕು ಹಾಕಿಕೊಂಡು ಮುಕ್ಕಳಿಸಿ ಉಗುಳುತ್ತೇವೆ. ಮುಕ್ಕುಂದದಲ್ಲಿ ಗ್ರಾಮಸಭೆಯ ವರದಿಗೆ ಹೋದರೆ ನಾನು ಮಾಡುವುದೂ ಇದನ್ನೇ. ಗಂಡಸರು ಸಭೆಯ ನಡುವೆ ಎದ್ದು ಗೋಡೆಯ ಹಿಂದೆ ಹೋಗಿ ಬರುತ್ತಾರೆ. ನಾನು ಟಿಪ್ಪಣಿ ಮಾಡಿಕೊಳ್ಳುತ್ತ ಕೂಡುತ್ತೇನೆ. ನನ್ನ ವರದಿಗಳು ಪೂರ್ಣವಾಗಿರುತ್ತವೆ ಎಂದು ಡೆಸ್ಕಿನವರು ಮೆಚ್ಚುತ್ತಾರೆ. ಎದ್ದು ಹೋಗಲು ಜಾಗವಿಲ್ಲದ್ದೂ ಅದಕ್ಕೆ ಒಂದು ಕಾರಣ.

ಆದರೆ ಇವಳು ಓಡುವವಳು. ನೀರಿಲ್ಲದೆ ಓಡಬೇಡ ಎಂದು ಮಾಸ್ತರು ನಿತ್ಯ ಹೇಳುತ್ತಿದ್ದರು. ಹೂಂ ಅನ್ನುತ್ತಿದ್ದಳು.

"ಬಿಸಿಲಾಗ ಹದಿನೈದು ನೂರು ಮೀಟರ್ ಒಣ ಬಾಯೀಲೆ ಓಡೀಯೇನು?" ಮಾಸ್ತರು ಕೇಳಿದರು. "ಬಾಟ್ಲಿ ಯಾಕ ತಂದಿ ಮತ್ತ, ಪೂಜಿಗೇನು?"

"ಕುಡದು ಎಲ್ಲಿಗಿ ಹೋಗ್ಲಿರಿ ಸರ್?"

ಮಾಸ್ತರು ಕಿಟಕಿಯ ಕಡೆಗೆ ತಿರುಗಿದರು.

ಅವಳು ಬಿಡಿಸದ ಬಾಟಲಿಗಳಲ್ಲಿ ಒಂದನ್ನು ಆರಿಸಿಕೊಂಡು ಕುಡಿಯತೊಡಗಿದಳು. ಆ ಹೊತ್ತಿಗೆ ಅಕ್ಕನ ಫೋನು ಬಂತು. ಅಕ್ಕ ಮಸ್ಕಿಯಲ್ಲಿರುತ್ತಾಳೆ. ಭಾವ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ ಮಾಡುವವರು, ಅಂದು ಕೆಳಗೆ ಇಳಿದಿದ್ದರು. ಪಾಳಿ ಮುಗಿಯುವ ತನಕ ಅವರಿಗೆ ಫೋನು ಸಿಗುವುದಿಲ್ಲ.

"ಎಷ್ಟನೇದಾಕಿ ಬಂದಳು?"

"ಮೊದಲನೇದಾಕಿ."

"ಮತ್ತ ನಿನ್ನ ದನಿ ಯಾಕ ಹಿಂಗೈತಿ?"

ಹೇಳಿದೆ.

"ಉಚ್ಚಿ ಯಾಕ ಬೇಕಂತ ಅವರಿಗೆ?"

"ಗೆದ್ದೋರದು ನೋಡ್ತಾರಕ್ಕ. ಮದ್ದು ತಗೊಂಡು ಓಡ್ಯಾರೇನಂತ."

"ಸೋತೋರದು ನೋಡಂಗಿಲ್ಲೇನು?"

"ಇಲ್ಲಿ ಸೋತೋರದು ನೋಡಾಕತ್ತಿಲ್ಲ."

"ಹಂಗಾದ್ರ ಗೆದ್ದದ್ದಽ ತಪ್ಪಾತು. ಆಕಿನ್ನ ಕರ್ಕೊಂಡು ಬಾ. ಈಗಽ ಬಸ್ ಹತ್ತರಿ."

"ಹಂಗ ಬಂದ್ರ ತಪ್ಪು ಮಾಡ್ಯಾಳಂತ ಬರಕೋತಾರ. ಮತ್ತ ಓಡಾಕ ಬಿಡಂಗಿಲ್ಲ."

"ಬಿಡದಿದ್ರ ಬಿಡವಲ್ರ್ಯಾಕ. ಹೆಣ್ಣುಡುಗಿದು ಉಚ್ಚಿ ಟೆಸ್ಟ್ ಮಾಡ್ಯಾರಂದ್ರ ಓಣ್ಯಾಗ ಏನಂತ ತಿಳಕೋತಾರ? ದಿನಾ ಪೇಪರ್‌ನಾಗ ಬರೀತಿ, ಇಷ್ಟೂ ತಿಳಿಯಂಗಿಲ್ಲೇನು ನಿನಗ?"

ತಿಳಿಯುತ್ತಿತ್ತು. ಅಕ್ಕನ ಓಣಿಯಲ್ಲಿ ಮದುವೆಯಾಗದ ಹುಡುಗಿಯ ಮೂತ್ರವನ್ನು ಪರೀಕ್ಷೆ ಮಾಡಿದರು ಎಂದರೆ ಜನಕ್ಕೆ ಗೊತ್ತಿರುವುದು ಒಂದೇ ಪರೀಕ್ಷೆ. ಓಟಗಾರರಿಗೆ ಬೇರೆ ಪರೀಕ್ಷೆಯೂ ಇದೆ ಎಂದು ಅಕ್ಕ ಯಾರ ಯಾರ ಮನೆಗೆ ಹೋಗಿ ಹೇಳಬೇಕು? ನಾನು "ನೋಡ್ತೀನಿ ಇರು" ಎಂದೆ. ಅದು ಉತ್ತರವಲ್ಲ. ಅಕ್ಕನಿಗೂ ಅದು ಗೊತ್ತಾಯಿತು. ಫೋನು ಇಟ್ಟಳು.

ಹುಡುಗಿ ಬಾಟಲಿ ಹಿಡಿದು ನನ್ನ ಮುಖ ನೋಡುತ್ತಿದ್ದಳು. "ಅವ್ವ ಬಾ ಅಂತಾಳಲ್ಲ?" ಎಂದಳು.

"ಹೂಂ."

"ನೀ ಏನಂತಿ?"

"ನೀ ಓಡಬೇಕೋ ಬ್ಯಾಡೋ ನೀನಽ ಹೇಳು."

ಇನ್ನೊಂದು ಬಾಟಲಿ ಬಿಚ್ಚಿದಳು. ಅದೇ ಅವಳ ಉತ್ತರ ಎಂದುಕೊಂಡೆ.

ಕಾಯುವ ಹೊತ್ತಿನಲ್ಲಿ ಅಧಿಕಾರಿ ಹೆಸರು, ವಿಳಾಸ, ತರಬೇತುದಾರರ ಹೆಸರು ಬರೆಯುತ್ತ ಬಂದರು. ಕಳೆದ ಒಂದು ವಾರದಲ್ಲಿ ಯಾವುದಾದರೂ ಔಷಧಿ ತಗೊಂಡಿದ್ದೀಯಾ ಎಂದು ಕೇಳಿದರು.

"ನೆಗಡಿಗಿ ಗುಳಿಗಿ ತಗೊಂಡೀನ್ರಿ," ಎಂದಳು ಹುಡುಗಿ.

ಮಾಸ್ತರು ಕುರ್ಚಿಯಿಂದ ಅರ್ಧ ಎದ್ದರು. "ಯಾವಾಗ?"

"ಮೂರು ದಿವಸಾತು. ಇವತ್ತು ಮುಂಜಾನೆದ್ದೂ ಒಂದು ತಗೊಂಡೆ. ಮೂಗು ಕಟ್ಟಿತ್ತು."

"ನನಗ್ಯಾಕ ಹೇಳಲಿಲ್ಲ?"

"ನೆಗಡಿ ಬಂದದ್ದೂ ಹೇಳಬೇಕೇನ್ರಿ ಸರ್?"

ನೆಗಡಿಯ ಔಷಧಿಗಳಲ್ಲಿ ಕೆಲವು ಓಟದ ದಿನ ನಿಷಿದ್ಧ. ಕಟ್ಟಿದ ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್‌ನಂಥದ್ದು ಹೆಚ್ಚಿನ ಪ್ರಮಾಣದಲ್ಲಿ ಮೂತ್ರದಲ್ಲಿ ಸಿಕ್ಕರೆ, ನೆಗಡಿಗೆ ತಗೊಂಡೆ ಎಂಬ ಮಾತು ಅಲ್ಲಿ ಸುಲಭವಾಗಿ ನಡೆಯುವುದಿಲ್ಲ. ಮಾಸ್ತರು ಇದನ್ನು ನನಗೆ ದನಿ ತಗ್ಗಿಸಿ ವಿವರಿಸಿದರು. ಎಲ್ಲ ನೆಗಡಿ ಗುಳಿಗೆಯೂ ಅಂಥದಲ್ಲ. ಇದು ಯಾವುದು ಎಂಬುದೇ ಪ್ರಶ್ನೆ.

"ಹೆಸರೇನು ಮಾತ್ರೆದು?" ಅಧಿಕಾರಿ ಕೇಳಿದರು.

ಹೆಸರು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಕಡೆ ಗುಳಿಗೆ ಕೊಳ್ಳುವ ಯಾರಿಗೂ ಗೊತ್ತಿರುವುದಿಲ್ಲ. ಅಂಗಡಿಗೆ ಹೋಗಿ ನೆಗಡಿ ಎಂದರೆ ಸಾಕು. ಅವನು ಒಂದು ಹಾಳೆಯಿಂದ ಮೂರು, ಇನ್ನೊಂದರಿಂದ ಮೂರು ಕತ್ತರಿಸಿ ಸಣ್ಣ ಕಾಗದದ ಚೀಲಕ್ಕೆ ಹಾಕಿ, ಮುಂಜಾನೆ ಒಂದು ಸಂಜೆ ಒಂದು ಎನ್ನುತ್ತಾನೆ. ಹೆಸರು ಅಚ್ಚಾದ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ನಮ್ಮ ಪಾಲಿಗೆ ಬರುವುದು ಬೆಳ್ಳಿ ಬಣ್ಣದ ತುಂಡು.

"ಹಳದಿ ಒಂದು, ಬಿಳೇದೊಂದು," ಎಂದಳು ಹುಡುಗಿ.

ಅದನ್ನೇ ಬರೆಯೋಣ, ಹೆಸರು ಗೊತ್ತಾದರೆ ಸೇರಿಸೋಣ ಎಂದರು ಅಧಿಕಾರಿ. ಹೆಸರು ಪತ್ತೆ ಮಾಡುವುದು ನನ್ನ ಕಸುಬು ಎಂಬ ಧೈರ್ಯದಲ್ಲಿ ನಾನು ಹೊರಗೆ ಬಂದು ಮಸ್ಕಿಯ ಔಷಧಿ ಅಂಗಡಿಯವನಿಗೆ ಫೋನು ಮಾಡಿದೆ. ಅಕ್ಕನ ಓಣಿಯ ತಿರುವಿನಲ್ಲೇ ಅವನ ಅಂಗಡಿ. ಅಕ್ಕ ಅವನನ್ನು ಭಾಯ್ ಎನ್ನುತ್ತಾಳೆ. ಅವನ ತಂದೆಯ ಕಾಲದಿಂದ ಮನೆಯ ಔಷಧಿಯೆಲ್ಲ ಅಲ್ಲಿಯದೇ.

"ಸಲಾಂ ಮೇಡಂ, ಹೇಳ್ರಿ," ಎಂದ.

"ನಮ್ಮ ಅಕ್ಕನ ಮಗಳಿಗೆ ಮೂರು ದಿನದ ಹಿಂದ ನೆಗಡಿ ಗುಳಿಗಿ ಕೊಟ್ಟೀರಲ್ಲ, ಅದರ ಹೆಸರೇನು?"

"ನಾ ಕೊಟ್ಟಿಲ್ರಿ ಮೇಡಂ."

"ಅಕ್ಕ ನಿಮ್ಮಲ್ಲೇ ತಗೊಂಡಾಳ."

"ಡಾಕ್ಟರ್ ಚೀಟಿ ಇಲ್ದ ನಮ್ಮಲ್ಲಿ ಏನೂ ಕೊಡಂಗಿಲ್ರಿ. ನೀವಽ ಬರದಿದ್ರಿ ನೋಡ್ರಿ, ಅವಾಗಿನಿಂದ ಪೂರಾ ಬಂದ್ ಮಾಡೀವಿ. ಖರೇನ."

"ನಾ ಸುದ್ದಿಗೆ ಕೇಳಾಕತ್ತಿಲ್ಲ. ಹುಡುಗಿಗೆ ತ್ರಾಸ ಐತಿ."

"ತ್ರಾಸ ಐತೇನ್ರಿ?" ಅವನ ದನಿ ಇನ್ನಷ್ಟು ಹಿಂದೆ ಸರಿಯಿತು. "ನಾವು ಕೊಟ್ಟಿದ್ದಲ್ರಿ ಹಂಗಾದ್ರ. ಬ್ಯಾರೆ ಕಡೆ ತಗೊಂಡಿರಬೇಕು."

ಚೀಟಿ ಇಲ್ಲದೆ ಔಷಧಿ ಮಾರುವುದರ ಬಗ್ಗೆ ನಾನು ಬರೆದದ್ದು ನಿಜ. ಯಾವ ಅಂಗಡಿಯ ಹೆಸರೂ ಅದರಲ್ಲಿರಲಿಲ್ಲ. ಬರೆದದ್ದು ಸರಿಯಾಗಿತ್ತು. ಇವತ್ತು ಓದಿದರೂ ಅದರಲ್ಲಿ ತೆಗೆಯುವ ಸಾಲು ನನಗೆ ಕಾಣುವುದಿಲ್ಲ. ಆದರೆ ಓಣಿಯ ಯಾವ ಹೆಂಗಸು ಕೇಳಿದರೂ ಅವನು ಹೇಳುತ್ತಿದ್ದ ಹೆಸರನ್ನು ನನಗೆ ಮಾತ್ರ ಹೇಳಲಾರದೆ ಹೋದ. ನನ್ನ ಗುರುತು ಹೇಳಿಕೊಂಡು ಎಷ್ಟೋ ಕಚೇರಿಗಳ ಬಾಗಿಲು ತೆಗೆಸಿದವಳು ನಾನು. ಈಗ ಆ ಗುರುತಿನಿಂದಲೇ ಒಂದು ಬಾಗಿಲು ಮುಚ್ಚಿತು. ಧ್ವನಿವರ್ಧಕದಲ್ಲಿ ಮುಂದಿನ ಓಟದ ಹೆಸರುಗಳನ್ನು ಕೂಗುತ್ತಿದ್ದರು.

ಅಕ್ಕನಿಗೇ ಫೋನು ಮಾಡಬೇಕಾಯಿತು. ಮನೆಯಲ್ಲಿ ಗುಳಿಗೆ ಉಳಿದಿದೆಯೇ ಎಂದು ಕೇಳಿದೆ. ಉಳಿದಿತ್ತು, ಹಳದಿಯದು ಒಂದು, ಬಿಳಿಯದು ಒಂದು.

"ಅವನ್ನ ಹಿಡಕೊಂಡು ಭಾಯ್ ಅಂಗಡಿಗಿ ಹೋಗು. ಯಾವ ಹಾಳಿಯಿಂದ ಕತ್ತರಿಸ್ಯಾನ, ಹೆಸರು ಕೇಳು. ಫೋಟೊ ಕಳಸು."

"ಈಗ ಅಂಗಡ್ಯಾಗ ಮಂದಿ ಇರ್ತಾರ."

"ಇರ್ಲಿ."

"ಯಾಕ ಬೇಕಂತ ಕೇಳಿದ್ರ?"

"ಇದ್ದದ್ದು ಹೇಳು. ನಾ ಕೇಳಿದ್ದಕ್ಕ ಕೊಟ್ಟಿಲ್ಲ ಅಂದಾನ. ಸುಮ್ನ ಕೇಳಿದ್ರ ಹೇಳಂಗಿಲ್ಲ."

"ಇದ್ದದ್ದು ಅಂದ್ರ?" ಅಕ್ಕ ಕೇಳಿದಳು. "ನಿನ್ನ ಬಾಯೀಲೆ ಒಂದು ಸಲ ಅಂದು ತೋರಿಸು. ನಾಲ್ಕು ಮಂದಿ ಮುಂದ ನಾ ನಿಂತು ಅನ್ನಬೇಕಾದ ಮಾತು."

ನಾನು ಅನ್ನಲಿಲ್ಲ. ಪಕ್ಕದಲ್ಲಿ ಇಬ್ಬರು ತೀರ್ಪುಗಾರರು ಚಹಾ ಕುಡಿಯುತ್ತಿದ್ದರು. ಅಕ್ಕ ಸ್ವಲ್ಪ ಕಾದು ಫೋನು ಕಟ್ ಮಾಡಿದಳು. ಅವಳು ಹೋಗುತ್ತಾಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಒಳಗೆ ಹುಡುಗಿ ಮತ್ತೊಮ್ಮೆ ಶೌಚಾಲಯಕ್ಕೆ ಹೋಗಲು ಎದ್ದಿದ್ದಳು. ಪ್ರಾಂಶುಪಾಲರ ಕೋಣೆಯ ತನಕ ನಾನೂ ಹೋದೆ. ಅವರಿಬ್ಬರು ಒಳಗೆ ಹೋದರು, ನಾನು ಬಾಗಿಲ ಹೊರಗೆ ನಿಂತೆ. ತೋಳು ಮೇಲೆ ಮಡಚಿಕೋ ಎಂದು ಅಧಿಕಾರಿ ಹೇಳುವುದು ಕೇಳಿಸಿತು. ಹುಡುಗಿಯ ದನಿ ಕೇಳಿಸಿತು, "ತಡೀರಿ ಮೇಡಂ, ಪಿನ್ ಐತಿ." ಅವಳ ಟ್ರ್ಯಾಕ್ ಪ್ಯಾಂಟಿನ ಲಾಡಿ ಕಿತ್ತುಹೋಗಿ ಪಿನ್ ಚುಚ್ಚಿಕೊಂಡಿದ್ದಳು. ಇಡೀ ರಾಜ್ಯದ ಮುಂದೆ ಆ ಪಿನ್ ಹಾಕಿಕೊಂಡೇ ಓಡಿದ್ದಳು, ಯಾರಿಗೂ ಕಂಡಿರಲಿಲ್ಲ. ಈಗ ಒಬ್ಬರಿಗೆ ಅದನ್ನು ಹೇಳಬೇಕಾಯಿತು.

ಆಮೇಲೆ ಸದ್ದಿಲ್ಲ.

"ನಲ್ಲಿ ಬಿಡ್ತೀನಿ ಕಣಮ್ಮ. ನೀರಿನ ಸದ್ದು ಕೇಳಿದರೆ ಬರುತ್ತೆ," ಎಂದರು ಅಧಿಕಾರಿ. ನಲ್ಲಿ ಗೊರಗೊರ ಎಂದು ಗಾಳಿ ಬಿಟ್ಟು ನಿಂತಿತು. ನೀರು ಇರಲಿಲ್ಲ.

ಕೋಣೆಯ ಮೂಲೆಯಲ್ಲಿ ಒಂದು ತುಂಬಿದ ಬಕೀಟು, ಒಂದು ಮಗ್ಗು ಇದ್ದವು. "ನಾನು ಹೊರಗಿಂದ ನೀರು ಸುರುವಿದರೆ ಆಗುತ್ತದೆಯೇ?" ಎಂದು ಬಾಗಿಲ ಮೂಲಕ ಕೇಳಿದೆ. ಆಗಲಿ ಎಂದರು. ಬಗ್ಗಿ ನಿಂತು ಮಗ್ಗಿನಲ್ಲಿ ನೀರು ತುಂಬಿ ಮೇಲೆತ್ತಿ ಅದೇ ಬಕೀಟಿಗೆ ಸಣ್ಣ ಧಾರೆಯಾಗಿ ಸುರಿದೆ. ಮತ್ತೆ ತುಂಬಿದೆ, ಮತ್ತೆ ಸುರಿದೆ. ಮಾಸ್ತರು ಹೊರಗಿನ ಪಡಸಾಲೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಜವಾನ ಒಮ್ಮೆ ಇಣುಕಿ, ಪೇಪರಿನ ಹೆಂಗಸು ಪ್ರಾಂಶುಪಾಲರ ಕೋಣೆಯಲ್ಲಿ ಬಕೀಟಿನ ನೀರನ್ನು ಅದೇ ಬಕೀಟಿಗೆ ಹಾಕುವುದನ್ನು ನೋಡಿ ಹೋದ. ನಾನು ಸುರಿಯುತ್ತಲೇ ಇದ್ದೆ. ನನಗೆ ನಾಚಿಕೆಯಾದದ್ದು ಆ ಕೆಲಸಕ್ಕಲ್ಲ. ಒಳಗಿರುವವಳು ಯಾವಾಗ ಮೂತ್ರ ಮಾಡುತ್ತಾಳೆ ಎಂದು ಮೂವರು ವಯಸ್ಕರು ಕಿವಿಗೊಟ್ಟು ಕಾಯುತ್ತಿದ್ದೆವು, ಅದಕ್ಕೆ.

ಬಂತು. ಬೇಕಾದಷ್ಟು ಬಂತು. ಹುಡುಗಿ ಮುಚ್ಚಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಟವೆಲ್ ಮರೆ ಮಾಡಿಕೊಂಡು ಪಡಸಾಲೆ ದಾಟಿದಳು. ಮೇಜಿನ ಮೇಲೆ ಅಧಿಕಾರಿ ಒಂದೆರಡು ಹನಿ ತೆಗೆದು ಸಣ್ಣ ಉಪಕರಣದಲ್ಲಿ ನೋಡಿದರು. ಮತ್ತೊಮ್ಮೆ ನೋಡಿದರು.

"ತುಂಬಾ ತೆಳುವಾಗಿದೆ. ನೀರು ಜಾಸ್ತಿ ಕುಡಿದಿದ್ದಾಳೆ. ಲ್ಯಾಬಿಗೆ ಇಷ್ಟು ತೆಳು ಆಗಲ್ಲ. ಇನ್ನೊಂದು ಸಲ ಕೊಡಬೇಕಮ್ಮ."

"ಮತ್ತೊಮ್ಮಿನಾ?" ಹುಡುಗಿ ಕೇಳಿದಳು.

"ಹೌದಮ್ಮ. ಈ ಸಲ ನೀರು ಕುಡೀಬೇಡ. ಸುಮ್ಮನೆ ಕೂತ್ಕೋ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿದವು. "ಕುಡದಿಲ್ಲಂದ್ರ ಬೈತೀರಿ, ಕುಡದ್ರನೂ ಬೈತೀರಿ," ಎಂದಳು. ಅಧಿಕಾರಿ ಅವಳ ತಲೆ ಸವರಿದರು. ನಾನು ಚಿಗವ್ವ ಆಗಿ ಬಂದವಳು, ಆ ಕೈ ನನ್ನದಾಗಿರಬೇಕಿತ್ತು.

ಬಿಸಿಲು ಇಳಿಯುತ್ತಿತ್ತು. ಮೈದಾನದಲ್ಲಿ ಶಾಮಿಯಾನ ಬಿಚ್ಚತೊಡಗಿದ್ದರು. ಆಗ ನನ್ನ ಫೋನಿಗೆ ಫೋಟೊ ಬಂತು. ಗಾಜಿನ ಕೌಂಟರಿನ ಮೇಲೆ ಗುಳಿಗೆಯ ದೊಡ್ಡ ಹಾಳೆ, ಅದರ ತುದಿಗೆ ಅಕ್ಕ ತಂದ ತುಂಡು. ಕತ್ತರಿ ಹಾದ ವಾರೆ ಗುರುತು ಎರಡಕ್ಕೂ ಕೂಡಿತ್ತು. ಹಾಳೆಯ ಮೇಲೆ ಹೆಸರು ಸ್ಪಷ್ಟವಾಗಿತ್ತು. ಬಿಳಿಯದರ ಫೋಟೊವೂ ಹಿಂದೆಯೇ ಬಂತು. ಹಿಂಬದಿಯ ಸಣ್ಣ ಅಕ್ಷರಗಳನ್ನು ಹಿಗ್ಗಿಸಿ ಮಾಸ್ತರು ತಮ್ಮ ಫೋನಿನ ಪಟ್ಟಿಯೊಂದಿಗೆ ಒಂದೊಂದೇ ತಾಳೆ ನೋಡಿದರು.

"ಪಟ್ಟ್ಯಾಗ ಇಲ್ರಿ ಮೇಡಂ," ಎಂದರು. ಎರಡನೆಯ ಸಲ ನೋಡಿ, "ಎರಡೂ ಇಲ್ಲ" ಎಂದರು.

ಅಧಿಕಾರಿ ಎರಡೂ ಹೆಸರು ಬರೆದುಕೊಂಡರು. ಇದು ಸರಿಯೋ ತಪ್ಪೋ ಹೇಳುವುದು ತಮ್ಮ ಕೆಲಸವಲ್ಲ, ಲ್ಯಾಬಿನದು ಎಂದರು. ಹಾಗೆ ಹೇಳಿದ್ದು ನನಗೆ ಹಿಡಿಸಿತು. ನಾನಾದರೂ ಅದನ್ನೇ ಹೇಳುತ್ತಿದ್ದೆ.

ಅಕ್ಕನಿಗೆ ಫೋನು ಮಾಡಿದೆ.

"ಕೊಟ್ಟಿಲ್ಲ ಕೊಟ್ಟಿಲ್ಲ ಅಂದ ಭಾಯ್," ಎಂದಳು. "ನಿಮ್ಮ ತಂಗಿ ಪೇಪರ್‌ನಾಗ ಹಾಕ್ತಾಳ, ನನ್ನ ಅಂಗಡಿ ಬಂದ್ ಆಗ್ತೈತಿ ಅಂದ. ಆಮ್ಯಾಲ ನಾ ಅಂದೆ."

"ಏನಂದಿ?"

"ನನ್ನ ಮಗಳು ಗೆದ್ದಾಳ, ಆಕಿ ಉಚ್ಚಿ ಟೆಸ್ಟ್ ಮಾಡಾಕತ್ತಾರ, ಗುಳಿಗಿ ಹೆಸರು ಹೇಳು ಅಂದೆ. ಗಿರಣಿಯಾಕಿ ನಿಂತಿದ್ಲು. ಹಿಂದಿನ ಮನಿ ಮುದುಕಿ ನಿಂತಿದ್ಲು. ಎಲ್ಲಾರೂ ನನ್ನ ಕಡೆ ನೋಡಿದ್ರು. ಭಾಯ್‌ಗ ಬೆವರು ಬಂತು. ಅಕ್ಕಾರ, ಇಷ್ಟು ಜೋರ ಯಾಕಂತೀರಿ, ಹೇಳ್ತೀನಿ ತಡೀರಿ ಅಂದ. ತಾನಽ ಫೋಟೊ ಹೊಡದು ಕೊಟ್ಟ."

"ಚೊಲೊ ಮಾಡಿದಿ."

"ಚೊಲೊನೋ ಕೆಟ್ಟದೋ. ಅಂದು ಬಿಟ್ಟೀನಿ."

ಎರಡನೆಯ ಮಾದರಿ ಸರಿಯಾಗಿತ್ತು. ಹುಡುಗಿ ಅದನ್ನು ಎರಡು ಗಾಜಿನ ಬಾಟಲಿಗೆ ತಾನೇ ಸುರಿದು, ಮುಚ್ಚಳ ತಿರುಗಿಸಿ, ಬಿಗಿಯಾಯಿತೇ ಎಂದು ಅಲುಗಿಸಿ ನೋಡಿದಳು. ಸಹಿ ಹಾಕಿದಳು. ನಾನೂ ಹಾಕಿದೆ. ಮಸ್ಕಿಯ ಬಸ್ಸಿಗೆ ಹತ್ತುವ ಮೊದಲು ಅವಳು ಕೊರಳಿನ ಪದಕ ತೆಗೆದು ಚೀಲಕ್ಕೆ ಹಾಕಿಕೊಂಡಳು. ಯಾಕೆ ಎಂದು ಕೇಳಲಿಲ್ಲ. ಪದಕ ನೋಡಿದವರು ಮಾತಿಗೆ ಎಳೆಯುತ್ತಾರೆ, ಮಾತು ಬೆಳೆದರೆ ಸಂಜೆಯ ತನಕ ಎಲ್ಲಿದ್ದಿ ಎಂಬಲ್ಲಿಗೆ ಬರುತ್ತದೆ. ಬಸ್ಸಿನಲ್ಲಿ ಆಗಾಗ ಮೂಗು ಒರೆಸಿಕೊಳ್ಳುತ್ತ ಕಿಟಕಿಗೆ ಒರಗಿ ಮಲಗಿದಳು. ನಾನು ಫೋನಿನಲ್ಲೇ ವರದಿ ಬರೆದು ಕಳಿಸಿದೆ. ಅವಳ ಹೆಸರು, ಸ್ಥಾನ, ಸಮಯ. ಪರೀಕ್ಷೆಯ ಸುದ್ದಿ ಬರೆಯಲಿಲ್ಲ. ಬೀಗ ಹಾಕಿದ ಶೌಚಾಲಯದ ಬಗ್ಗೆ ಬರೆಯಬಹುದಿತ್ತು. ಬರೆದರೆ ಆ ಬೀಗ ತೆಗೆಸಿದ್ದು ಏಕೆ, ಯಾರಿಗಾಗಿ ಎಂಬುದೂ ಬರಬೇಕಿತ್ತು.

ಆಮೇಲಿನದು ಕಾಯುವ ಕೆಲಸ. ಓಣಿಯವರು ಅಕ್ಕನಿಗೆ ನೇರವಾಗಿ ಏನೂ ಅನ್ನಲಿಲ್ಲ. ಹುಡುಗಿ ಆರಾಮ ಅದಾಳೇನು ಎಂದು ಮಾತ್ರ ಕೇಳುತ್ತಿದ್ದರು, ಹೊಟ್ಟೆಯ ಕಡೆಗೆ ನೋಡುತ್ತ. ಭಾವ ಪಾಳಿ ಮುಗಿಸಿ ಬಂದು ಎಲ್ಲ ಕೇಳಿ, "ಓಡಿದ್ದಕ್ಕ ಉಚ್ಚಿ ಕೇಳ್ತಾರಂದ್ರ, ನಮಗ ಗಣ್ಯಾಗಿಂದ ಮ್ಯಾಲ ಬಂದ ಕೂಡ್ಲೆ ಕಿಸೆ ನೋಡಿದಂಗ" ಎಂದರು. ಅವರಿಗೆ ಅದು ಅಷ್ಟೇ ಸರಳವಾಗಿ ಅರ್ಥವಾಯಿತು. ಆದರೆ ಅವರು ದಿನವಿಡೀ ಓಣಿಯಲ್ಲಿ ಇರುವವರಲ್ಲ.

ಅಕ್ಕ ನನ್ನನ್ನು ಒಂದೇ ಕೇಳುತ್ತಿದ್ದಳು. "ಏನ್ ಬಂತು ಟೆಸ್ಟು?"

ಮಾಸ್ತರು ವಿಚಾರಿಸಿದರು. ತಪ್ಪು ಸಿಕ್ಕವರಿಗೆ ಪತ್ರ ಬರುತ್ತದೆ, ಉಳಿದವರಿಗೆ ಮನೆಗೆ ಕಾಗದವೇನೂ ಬರುವುದಿಲ್ಲ ಎಂದು ತಿಳಿಯಿತು. ಕೆಲವು ವಾರಗಳ ಮೇಲೆ ಹುಡುಗಿಗೆ ರಾಜ್ಯ ತಂಡದ ಕ್ಯಾಂಪಿಗೆ ಕರೆ ಬಂತು. ಅದೇ ಫಲಿತಾಂಶ. ಅವಳು ಹೋದಳು. ಅಲ್ಲಿ ಪ್ರತಿ ಕೋಣೆಗೂ ಬಚ್ಚಲಿದೆಯಂತೆ, ನೀರು ಕುಡದು ಕುಡದು ಸಾಕಾಗೈತಿ ಎಂದು ಫೋನಿನಲ್ಲಿ ನಕ್ಕಳು.

ಅಕ್ಕನಿಗೆ ಅದು ಸಾಲಲಿಲ್ಲ. ಸಿಂಧನೂರಿಗೆ ನನ್ನ ಮನೆಗೆ ಬಂದು ಕುಳಿತಳು.

"ಏನೂ ಇಲ್ಲಂತ ಒಂದು ಕಾಗದ ಕೊಡಸು."

"ಅಂಥಾದ್ದು ಕೊಡಂಗಿಲ್ಲಕ್ಕ."

"ಮತ್ತ ನೀ ಪೇಪರ್‌ನಾಗ ಹಾಕು. ಟೆಸ್ಟ್ ಮಾಡಿದ್ರು, ಹುಡುಗಿ ಚೊಲೊ ಅದಾಳ, ಏನೂ ಸಿಗಲಿಲ್ಲ ಅಂತ."

"ಹಾಕಿದ್ರ ಮಸ್ಕ್ಯಾಗ ನಾಲ್ಕು ಮನಿಗಿ ಗೊತ್ತಿದ್ದದ್ದು ಜಿಲ್ಲಾಕ್ಕೆಲ್ಲ ಗೊತ್ತಾಗ್ತೈತಿ. ಏನೂ ಸಿಗಲಿಲ್ಲ ಅನ್ನೋದು ಯಾರ ನೆನಪಿನ್ಯಾಗೂ ಉಳಿಯಂಗಿಲ್ಲ. ಟೆಸ್ಟ್ ಮಾಡಿದ್ರು ಅನ್ನೋ ಮಾತು ಉಳಿತೈತಿ."

"ಮಂದೀದೆಲ್ಲಾ ಬರೀತಿ. ನಮ್ಮದೊಂದು ಬರ್ಯಾಕ ಬರಂಗಿಲ್ಲ ನಿನಗ."

ನಾನು ಹೇಳಿದ್ದು ಸರಿ. ಯಾವ ಸಂಪಾದಕನೂ ಅದನ್ನೇ ಹೇಳುತ್ತಿದ್ದ. ಹಾಗಿದ್ದೂ ಅಕ್ಕನ ಮುಖ ನೋಡಲಾಗಲಿಲ್ಲ. ಅಂಗಡಿಯ ಮುಂದೆ ನಾಲ್ಕು ಜನರ ಎದುರು ಆ ಮಾತು ಅಂದವಳು ಅವಳು. ಅವಳಿಗೆ ಬೇಕಾದ ಒಂದು ಸಾಲನ್ನು ನಾನು ಅಚ್ಚು ಮಾಡಿಸಲಾರೆ. ಅವಳು ಚಹಾ ಮುಟ್ಟದೆ ಎದ್ದು ಹೋದಳು.

ಆಯ್ಕೆಯ ಸುದ್ದಿಯನ್ನು ಎರಡು ಸಾಲಿನಲ್ಲಿ ಕಳಿಸಿದೆ. ಮೂಲೆಯಲ್ಲಿ ಬಂತು. ಅಕ್ಕ ಅದನ್ನು ಓದಿ ಫೋನು ಮಾಡಿದಳು. "ಇದ್ರಾಗ ಎಲ್ಲಿ ಐತಿ?" ಎಂದಳು. "ಇಲ್ಲ" ಎಂದೆ. "ಆತು ಬಿಡು" ಎಂದಳು.

ಹೋದ ತಿಂಗಳು ಮಸ್ಕಿಗೆ ಹೋದಾಗ ಔಷಧಿ ಅಂಗಡಿಯವನು ಕೌಂಟರಿನ ಹಿಂದಿನಿಂದ ಕೈ ಮಾಡಿ ಕರೆದ.

"ಮೇಡಂ, ಅಕ್ಕಾರು ಈಗ ನಮ್ಮ ಅಂಗಡಿಗಿ ಬರವಲ್ರು. ನನ್ನ ಮ್ಯಾಲ ಸಿಟ್ಟಾಗ್ಯಾರೇನ್ರಿ? ನಾ ಅವತ್ತು ಹೆದರಿ ಹಂಗಂದೆ."

ಅಕ್ಕ ತನ್ನ ಮೊಣಕಾಲು ನೋವಿನ ಗುಳಿಗೆಗೆ ಈಗ ಬಸ್ ನಿಲ್ದಾಣದ ಆಚೆಯ ಅಂಗಡಿಗೆ ಹೋಗುತ್ತಾಳೆ, ಯಾರೂ ಇಲ್ಲದ ಹೊತ್ತು ನೋಡಿ, ಓಣಿಯ ತಿರುವು ತಪ್ಪಿಸಿ ಹಿಂದಿನ ದಾರಿಯಿಂದ. ಅದು ನನಗೆ ಗೊತ್ತಿತ್ತು.

"ಸಿಟ್ಟೇನಿಲ್ರಿ," ಎಂದೆ. "ಔಷಧಿ ಗರಜು ಬಿದ್ದಿಲ್ಲ ಅಕ್ಕಗ."